ಚಪ್ಪಾಳೆ ಉಸ್ತುವಾರಿ

ಸಿದ್ದಾರೂಢ ಮಾಡಿದ ತಪ್ಪು ಇಷ್ಟೇ. ಸಿಂದಗಿಯ ಸಹಕಾರಿ ಸಂಘದ ಅಧ್ಯಕ್ಷ ಗುರುಲಿಂಗಪ್ಪನವರು ಏನು ಹೇಳಿದರೂ ತಲೆ ಅಲ್ಲಾಡಿಸುವುದು ಅದೇ ಸಂಘದ ನೌಕರನಾದ ಅವನ ರೂಢಿ. ಅವತ್ತು ಮುಂಜಾನೆ ಅವರು, "ಪಿಯಾನೊ ಕಛೇರಿ ಅಂದ್ರ ಏನಂತ ನಮ್ಮೊಳಗ ಯಾರಿಗರೆ ಗೊತ್ತೈತೇನ್ರಿ?" ಎಂದು ಕೇಳಿದರು. ಅವನು ಅದಕ್ಕೂ ಅಲ್ಲಾಡಿಸಿಬಿಟ್ಟ.

ಅಧ್ಯಕ್ಷರ ಮಗಳು ಜಯಮಾಲಾ ಪುಣೆಯ ದೊಡ್ಡ ವಾದ್ಯವೃಂದವೊಂದರಲ್ಲಿ ಪಿಟೀಲು ನುಡಿಸುತ್ತಾಳೆ. ಸಂಘದ ಬೆಳ್ಳಿಹಬ್ಬಕ್ಕೆ ಆ ಅರವತ್ತು ಜನರ ತಂಡವೇ ಊರಿನ ಕಲ್ಯಾಣಮಂಟಪಕ್ಕೆ ಬಂದಿಳಿದಿತ್ತು. ಜೊತೆಗೆ ಪಿಯಾನೊ ನುಡಿಸಲು ಹಂಗೇರಿಯಿಂದ ಒಬ್ಬ ಅತಿಥಿ, ನರೆಗೂದಲಿನ ಅಜ್ಜಿ.

"ಹಂಗಾರ ಚಪ್ಪಾಳಿ ಉಸ್ತುವಾರಿ ನಿಮ್ದು," ಎಂದರು ಅಧ್ಯಕ್ಷರು. "ಅದರಾಗ ಮೂರು ಭಾಗ ಇರ್ತಾವಂತ. ನಡುನಡುವ ನಿಲ್ಲಸ್ತಾರ. ಅವಾಗ ಚಪ್ಪಾಳಿ ಬಿದ್ರ ನನ್ನ ಮಗಳ ಮಾನ ಹೋತು ನೋಡ್ರಿ. ಮೂರೂ ಮುಗಿದ ಮ್ಯಾಲ ನೀವು ಹೊಡೀರಿ, ನಿಮ್ಮನ್ನ ನೋಡಿ ಮಂದಿ ಹೊಡೀತಾರ. ಇಷ್ಟು ಸುಸೂತ್ರ ಆತಂದ್ರ ಸೋಮವಾರಾನ ನಿಮಗ ನಮ್ಮ ಮುದ್ದೇಬಿಹಾಳ ಶಾಖೆಗೆ ವರ್ಗ."

ಸಿದ್ದಾರೂಢನ ಎದೆ ಹಿಗ್ಗಿತು. ಹೆಂಡತಿ ಸುನಂದಾ ಮುದ್ದೇಬಿಹಾಳದಲ್ಲಿ ಶಾಲೆಯ ಟೀಚರು. ಮದುವೆಯಾದಾಗಿನಿಂದ ಅವರ ಸಂಸಾರ ನಡೆದದ್ದೇ ತಾಳಿಕೋಟೆ ಮೇಲಿಂದ ಹೋಗುವ ಶನಿವಾರದ ಬಸ್ಸಿನ ಕೃಪೆಯಿಂದ. ಕೂಡಲೇ ಫೋನು ಮಾಡಿದ.

"ಸೋಮವಾರ ಬರ್ತೇನಿ. ಖಾಯಂ!"

"ಮುಂಜಾನೆದ್ದು ಕುಡದೀರೇನು?" ಎಂದಳು ಆಕೆ.

ಕಷ್ಟವೆಲ್ಲ ಊರ ಮಂದಿಯದು. ಸಂಗೀತ ಮನಸ್ಸಿಗೆ ಬಂದರೆ ನಡುವೆಯೇ "ವ್ಹಾ ವ್ಹಾ" ಎನ್ನದಿದ್ದರೆ ಕಲಾವಿದರಿಗೆ ಅವಮಾನ ಎಂದು ತಿಳಿದವರು ಅವರು. ಮೈಕು ಒಂದು ಗಳಿಗೆ ಸುಮ್ಮನಾದರೆ ಸಾಕು, ಶಾಲು ಹಾರ ಹಿಡಿದು ಯಾರಾದರೂ ಸತ್ಕಾರಕ್ಕೆ ಎದ್ದೇ ಏಳುತ್ತಾರೆ. ಅವತ್ತಿನ ಶಾಲು ಗುಮಾಸ್ತ ಮಲ್ಲಣ್ಣನ ಕೈಯಲ್ಲಿತ್ತು. ಅವನು ಸಿದ್ದಾರೂಢನ ಬಲಕ್ಕೇ ಕೂತಿದ್ದ. ಎಡಕ್ಕೆ ಕ್ಯಾಷಿಯರ್ ಇಸಾಕ.

ವಾದ್ಯವೃಂದದ ನಿರ್ದೇಶಕ ಕೈಯಲ್ಲಿನ ಸಣ್ಣ ಕೋಲು ಎತ್ತಿದ, ಸಂಗೀತ ಶುರುವಾಯಿತು.

"ಎಲ್ಲಾರೂ ಬೆವರು ಸುರಿಸಿ ಬಾರಸಾಕತ್ತಾರ. ಆ ಕೋಲು ಹಿಡದಾಂವ ಬರೇ ಗಾಳ್ಯಾಗ ಬೀಸಾಕತ್ತಾನಲ್ಲೋ?" ಎಂದ ಇಸಾಕ.

"ಸುಮ್ನ ಕುಂದ್ರೋ ಮಾರಾಯಾ."

"ಪಗಾರ ಅವಂಗ ಹೆಚ್ಚಿರಬೇಕು. ನಮ್ಮ ಮ್ಯಾನೇಜರನಂಗ."

ಮೊದಲ ಭಾಗ ನಿಂತಿತು. ಮಲ್ಲಣ್ಣ ಶಾಲು ಬಿಡಿಸಿಕೊಂಡು ಎದ್ದೇಬಿಟ್ಟ. ಸಿದ್ದಾರೂಢ ಅವನ ಧೋತರ ಹಿಡಿದು ಜಗ್ಗಿದ.

"ಬಿಡೋ, ಬಿಚ್ಚೀತು!"

"ಕುಂದ್ರು, ಬಿಡ್ತೇನಿ!"

ಹಿಂದೆ ಹತ್ತಾರು ಕೈಗಳು ಚಪ್ಪಾಳೆಗೆ ಮೇಲೆದ್ದಿದ್ದವು. ಸಿದ್ದಾರೂಢ ತಿರುಗಿ ನಿಂತು ಟ್ರಾಫಿಕ್ ಪೊಲೀಸನಂತೆ ಅಂಗೈ ತೋರಿಸಿದ. ಎಲ್ಲ ಕೈಗಳೂ ಇಳಿದವು. ಮುಂದಿನ ಸೋಫಾದಲ್ಲಿ ಅಧ್ಯಕ್ಷರು ಮೀಸೆಯಡಿ ನಕ್ಕರು.

ಎರಡನೆಯ ಭಾಗ ಜೋಗುಳದಂತೆ ಮೆಲ್ಲಗಿತ್ತು. ಇಸಾಕ ಗೊರಕೆ ತೆಗೆದ. ಅವನನ್ನು ತಿವಿದು ಎಬ್ಬಿಸುವುದರಲ್ಲಿ, ಮಲ್ಲಣ್ಣನ ಧೋತರ ಕಾಯುವುದರಲ್ಲಿ ಸಿದ್ದಾರೂಢನಿಗೆ ಒಂದು ಸಂಗತಿ ತಿಳಿಯಲೇ ಇಲ್ಲ. ಎರಡನೆಯ ಭಾಗ ಎಲ್ಲೂ ನಿಲ್ಲದೆ ಮೂರನೆಯದಕ್ಕೆ ಹರಿದುಹೋಗಿತ್ತು. ಅಜ್ಜಿಯ ಬೆರಳುಗಳು ಓಡಿ ಓಡಿ, ಒಮ್ಮೆಲೇ ಧಡ್ ಎಂದು ಎಲ್ಲವೂ ನಿಂತಾಗ ಅವನ ಲೆಕ್ಕದಲ್ಲಿ ಮುಗಿದದ್ದು ಎರಡೇ.

ಅವನು ಎದ್ದು ಮತ್ತೆ ಅಂಗೈ ಎತ್ತಿದ. ಇಡೀ ಮಂಟಪ ಗಪ್‌ಚುಪ್. ಕೋಲಿನವನು ಕೋಲು ಇಳಿಸಿದ. ಆಗಲೂ ಗಪ್‌ಚುಪ್. ಅಜ್ಜಿ ಎದ್ದು ಬಂದು ಬಾಗಿ ನಮಸ್ಕರಿಸಿದರು. ಒಂದು ಕೆಮ್ಮೂ ಇಲ್ಲ. ಜಯಮಾಲಾಳ ಮುಖ ಬಿಳಿಚಿಕೊಂಡಿತು.

"ಮುಗೀತಲ್ಲೋ ಮಂಗ್ಯಾ!" ಎಂದು ಮಲ್ಲಣ್ಣ ಹಲ್ಲು ಕಡಿದ.

ಸಿದ್ದಾರೂಢನ ಕೈ ಎತ್ತಿದಲ್ಲೇ ಮರಗಟ್ಟಿತು. ಅಯ್ಯೋ, ಹೋಯಿತು ಮುದ್ದೇಬಿಹಾಳ!

ಅಷ್ಟರಲ್ಲಿ ಅಜ್ಜಿ ಕಣ್ಣೊರೆಸಿಕೊಂಡು ಮೈಕಿನ ಮುಂದೆ ಏನೋ ಹೇಳಿದರು. ಜಯಮಾಲಾ ಅದನ್ನು ಕನ್ನಡಕ್ಕೆ ಇಳಿಸಿದಳು. "ಜಗತ್ತೆಲ್ಲಾ ತಿರಿಗ್ಯಾರಂತ. ಕಡೀ ಸ್ವರ ಆರೂಕಿಂತ ಮೊದಲ ಮಂದಿ ಚಪ್ಪಾಳಿ ಹೊಡದು ಕಾರಿನ ಕಡೆ ಓಡ್ತಾರಂತ. ಹಿಂಗ ಉಸಿರು ಬಿಗಿಹಿಡದು ಕುಂತ ಮಂದೀನ ಇಲ್ಲೇ ನೋಡಿದ್ದು ಅಂತಾರ."

ಅಧ್ಯಕ್ಷರು ಓಡಿಬಂದು ಸಿದ್ದಾರೂಢನನ್ನು ಅಪ್ಪಿಕೊಂಡರು. ಅವನಿಗೆ ಹೋದ ಜೀವ ಬಂತು.

"ಹಂಗಾರ ಸೋಮವಾರ, ಸಾಹೇಬ್ರ..."

"ಯಾವ ಸೋಮವಾರ? ನಿಮ್ಮಂಥಾ ರಸಿಕನ್ನ ಮುದ್ದೇಬಿಹಾಳಕ್ಕ ಕಳಸಾಕ ನನಗ ಹುಚ್ಚ ಹಿಡದೈತೇನ್ರಿ? ಅಜ್ಜಿಯವರು ಇನ್ನ ಪ್ರತಿ ವರ್ಷಾ ಬರ್ತಾರಂತ! ರಿಟಾಯರ್ ಆಗೂತನಕ ನೀವು ಸಿಂದಗಿ ಬಿಡಂಗಿಲ್ಲ!"

ಮಲ್ಲಣ್ಣ ಶಾಲನ್ನು ತಂದು ಸಿದ್ದಾರೂಢನಿಗೇ ಹೊದಿಸಿದ. ಈ ಸಲ ಯಾರ ಅಪ್ಪಣೆಗೂ ಕಾಯದೆ ಇಡೀ ಮಂಟಪ ಚಪ್ಪಾಳೆ ಹೊಡೆಯಿತು.