ಗಡ್ಡೆ ಒಣಗಿಸಲು ಹೊರಟ ಭಾವ

ನಮ್ಮ ಭಾವನವರಿಗೆ ಗೊತ್ತಿಲ್ಲದ ವಿಷಯ ಈ ಭೂಮಿಯ ಮೇಲೆ ಯಾವುದೂ ಇಲ್ಲ. ಒಂದೇ ಷರತ್ತು, ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವಂತಿರಬೇಕು.

ಭಾವ ಅಂದರೆ ನಮ್ಮ ಯಜಮಾನರ ಅಣ್ಣ. ಮದುವೆಯಾಗಲಿಲ್ಲ, ಯಾವ ಹೆಣ್ಣಿನ ಪುಣ್ಯವೋ. ಮಾಯಸಂದ್ರದ ಮಗ್ಗುಲಲ್ಲಿರುವ ನಮ್ಮ ತೋಟ ಮತ್ತು ಮನೆಯ ಅಟ್ಟ, ಇವೆರಡೇ ಅವರ ಸಂಸಾರ. ನಮ್ಮಲ್ಲಿ ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೆ ಹಾಕಿ ಹನ್ನೊಂದು ತಿಂಗಳು ಸುಮ್ಮನೆ ಬಿಡುತ್ತಾರೆ. ಒಳಗಿನ ನೀರು ತಾನಾಗಿ ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿಯಾಗುತ್ತದೆ. ಆಗ ಅಲ್ಲಾಡಿಸಿದರೆ ಲೊಟಲೊಟ ಎನ್ನುತ್ತದೆ. ಆ ಲೊಟಲೊಟ ಕೇಳಿ ಕೇಳಿ ಭಾವನವರು ಗ್ಯಾಸ್ ಸಿಲಿಂಡರನ್ನೂ ಅಲ್ಲಾಡಿಸುತ್ತಾರೆ, ಕಲ್ಲಂಗಡಿಯನ್ನೂ ಅಲ್ಲಾಡಿಸುತ್ತಾರೆ. ನನ್ನ ತವರಿನವರು ಕೊಟ್ಟ ಗೋಡೆ ಗಡಿಯಾರವನ್ನು ಒಮ್ಮೆ ಅಲ್ಲಾಡಿಸಿ, "ಒಳಗೇನೋ ಸಡ್ಲ ಐತೆ" ಎಂದರು. ಅವರು ಮುಟ್ಟುವವರೆಗೆ ಏನೂ ಸಡಿಲವಿರಲಿಲ್ಲ. ನನ್ನ ಮೇಲೆ ಸಿಟ್ಟು ಬಂದಾಗಲೆಲ್ಲ ಅವರದು ಒಂದೇ ಮಾತು: "ಹೆಣ್ಣು ನೋಡಕ್ಕೆ ಹೋದಾಗ ನಿನ್ನ ತಲೆ ಒಂದ್ಸಲ ಅಲ್ಲಾಡಿಸಿ ನೋಡ್ಬೇಕಿತ್ತು ಕಣಮ್ಮ."

ಹೋದ ವರ್ಷ ಭಾವನವರ ಕಣ್ಣು ಹಳದಿಯಾಯಿತು, ಬೆನ್ನು ಹಿಡಿಯಿತು. ದೊಡ್ಡ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೇದೋಜೀರಕದಲ್ಲಿ ಗಡ್ಡೆ, ಕ್ಯಾನ್ಸರ್ ಎಂದರು. ಹೊಟ್ಟೆಯ ಹಿಂದೆ ಅಂಥದೊಂದು ಅಂಗ ಇದೆಯೆಂದೇ ನಮಗ್ಯಾರಿಗೂ ಗೊತ್ತಿರಲಿಲ್ಲ. ಮೊದಲು ಡ್ರಿಪ್ಪಿನಲ್ಲಿ ಔಷಧಿ ಕೊಟ್ಟು ಗಡ್ಡೆ ಕುಗ್ಗಿಸುವುದು, ಕುಗ್ಗಿದರೆ ಆಪರೇಷನ್, ಆದರೆ ಮೈತೂಕ ಐವತ್ತು ಕೆಜಿಗಿಂತ ಇಳಿಯಬಾರದು ಎಂದರು. ಮೊದಲ ಡ್ರಿಪ್ಪು ಮುಗಿಸಿ ಬಂದಾಗ ಐವತ್ತೊಂದಿದ್ದರು. ಗಂಡಾಂತರದ ನಡುವೆಯೂ ಒಂದು ಕೆಜಿ ಹೆಚ್ಚಿಗೆ ಇಟ್ಟಿದ್ದಾನಲ್ಲ ಎಂದು ನಾನು ಪಕ್ಕದ ಸಂಪಿಗೆ ಊರಿನ ಶ್ರೀನಿವಾಸ ದೇವರಿಗೆ ಕೈಮುಗಿದೆ.

ಅಷ್ಟರಲ್ಲಿ ಭಾವನವರು ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಹೇಳಿದ್ದನ್ನು ಕೇಳಿದರು. ಕ್ಯಾನ್ಸರಿಗೆ ಸಕ್ಕರೆಯೇ ಊಟವಂತೆ. ಮುಗಿಯಿತಲ್ಲ!

"ನೀರು ಇಂಗಿದ್ರೆ ಕಾಯಿ ಒಣಗ್ತದೆ. ಸಕ್ಕರೆ ನಿಲ್ಸಿದ್ರೆ ಗಡ್ಡೆ ಒಣಗ್ತದೆ. ಅದು ಚಿಪ್ಪು ಬುಟ್ಟು ಉಂಡೆ ಆಯ್ತು ಅಂದ್ರೆ ಡಾಕ್ಟ್ರು ಸುಮ್ನೆ ಕೈ ಹಾಕಿ ಎತ್ಕೊಬೋದು. ಅಷ್ಟು ಓದೌರೆ, ಇದೊಂದು ಹೊಳೀಲಿಲ್ವಲ್ಲ ಅವ್ರಿಗೆ."

ಕಾಫಿಗೆ ಸಕ್ಕರೆ ನಿಂತಿತು. ಅನ್ನ ನಿಂತಿತು. ಬಾಳೆಹಣ್ಣು, ಕೊನೆಗೆ ಮುದ್ದೆಯೂ ನಿಂತಿತು. ಸಂಪಿಗೆಯಿಂದ ಸಿಹಿ ಪೊಂಗಲ್ ತಂದರೆ ಕಣ್ಣಿಗೊತ್ತಿಕೊಂಡು ಹಾಗೇ ವಾಪಸ್ಸು ಕೊಟ್ಟರು. "ದೇವಸ್ಥಾನಕ್ಕೂ ಹೇಳಿಕಳಿಸಿ ಭಾವ, ಇನ್ನುಮೇಲೆ ಸಪ್ಪೆ ಪ್ರಸಾದ ಮಾಡಲಿ" ಎಂದೆ. ಮಜ್ಜಿಗೆಯನ್ನು ಮಾತ್ರ ಮಾಫಿ ಮಾಡಿದ್ದರು, ಅದೇ ನನ್ನ ಭಾಗ್ಯ. ಕೊಬ್ಬರಿ ತೂಗುವ ಯಂತ್ರದ ಮೇಲೆ ದಿನಾ ನಿಲ್ಲುವುದು, ತೂಕ ಇಳಿದರೆ ಪರೀಕ್ಷೆ ಪಾಸಾದವರಂತೆ ಮೀಸೆ ತೀಡುವುದು. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೋದರೆ ಜಗಲಿಯ ಮೇಲೆ ನಿಂತು ಸೊಂಟ ಅಲ್ಲಾಡಿಸುತ್ತಿದ್ದಾರೆ, ತಲೆ ಬಗ್ಗಿಸಿ ಹೊಟ್ಟೆಗೆ ಕಿವಿ ಕೊಟ್ಟಿದ್ದಾರೆ.

"ಏನು ಭಾವ ಇದು?"

"ಸದ್ದು ಬತ್ತದಾ ಅಂತ ನೋಡ್ತಿವ್ನಿ."

"ಬಂತಾ?"

"ಇನ್ನೂ ನೀರೈತೆ ಕಣಮ್ಮ."

ಮುಂದಿನ ಡ್ರಿಪ್ಪಿಗೆ ಹೋದಾಗ ಆಸ್ಪತ್ರೆಯ ತೂಕದ ಯಂತ್ರ ನಲವತ್ತಾರು ತೋರಿಸಿತು. ಈ ಸಲ ಔಷಧಿ ಕೊಡೋಕಾಗಲ್ಲ ಎಂದರು ಡಾಕ್ಟರಮ್ಮ. ಚಿಕ್ಕ ವಯಸ್ಸಿನಾಕೆ. ಭಾವನವರು ಕೊಬ್ಬರಿಶಾಸ್ತ್ರವನ್ನು ಅಟ್ಟದಿಂದ ಹಿಡಿದು ಉಂಡೆಯವರೆಗೆ ವಿವರಿಸಿದರು. ಆಕೆ ನಗಲಿಲ್ಲ, ದೇವರು ಅವಳನ್ನು ಚೆನ್ನಾಗಿಟ್ಟಿರಲಿ.

"ನಿಮ್ಮ ತೋಟದ ಮಾವಿನ ಮರದಲ್ಲಿ ಬದನಿಕೆ ಇದೆಯಾ ಯಜಮಾನ್ರೇ?"

"ಐತೆ. ಮರದ ರಸ ಹೀರ್ಕೊಂಡೇ ಬದುಕ್ತದೆ, ಮುಂಡೇದು."

"ಮರಕ್ಕೆ ನೀರು ನಿಲ್ಲಿಸಿದ್ರೆ ಬದನಿಕೆ ಮೊದಲು ಸಾಯುತ್ತಾ, ಮರ ಮೊದಲಾ?"

"ಮರಾನೇ ಮೊದ್ಲು" ಎಂದರು ಭಾವ.

ಆಕೆ ಬಿಡಿಸಿ ಹೇಳಿದಳು. ಈ ಗಡ್ಡೆಯ ಜೀವಕೋಶಗಳಿಗೆ ಸಕ್ಕರೆ ಬೇಕು, ಅದು ನಿಜ. ಆದರೆ ಸಕ್ಕರೆಯನ್ನು ಪೂರ್ತಿ ಉರಿಸುವುದಿಲ್ಲ. ಅರ್ಧ ಸುಟ್ಟು, ಉಳಿದದ್ದರಲ್ಲಿ ಮನೆ ಕಟ್ಟಿಕೊಂಡು ಮರಿ ಹಾಕುತ್ತವೆ. ಗಡ್ಡೆ ಒತ್ತೊತ್ತಾಗಿರುವುದರಿಂದ ಅಲ್ಲಿಗೆ ರಕ್ತ ಹೋಗುವುದೇ ಕಡಿಮೆ, ಹಾಗಾಗಿ ಬರಗಾಲದಲ್ಲಿ ಬದುಕುವುದು ಅವಕ್ಕೆ ರೂಢಿ. ಸಕ್ಕರೆ ಸಾಲದಿದ್ದರೆ ಅಕ್ಕಪಕ್ಕದ ಪ್ರೋಟೀನು ನುಂಗುತ್ತವೆ, ನೆರೆಯ ಕೋಶಗಳಿಂದ ಕಸಿಯುತ್ತವೆ, ತಮ್ಮೊಳಗಿನ ಕಸವನ್ನೇ ಅರೆದು ತಿನ್ನುತ್ತವೆ. ನನಗೆ ಚೆನ್ನಾಗಿ ಅರ್ಥವಾಯಿತು. ಕರೆಯದೇ ಬಂದು, ಬಡಿಸಿದ್ದು ಸಾಲದೆ ಅಡುಗೆಮನೆಗೆ ನುಗ್ಗಿ, ತಳ ಹಿಡಿದದ್ದನ್ನೂ ಕೆರೆದು ತಿಂದು, ಆಮೇಲೂ ಹೋಗದ ನೆಂಟರನ್ನು ನಾನು ನೋಡಿಲ್ಲವೇ?

"ನೀವು ಉಪವಾಸ ಇದ್ರೆ ಅದು ಉಪವಾಸ ಇರಲ್ಲ. ನಿಮ್ಮ ಮೈ ಕರಗುತ್ತೆ, ಅದನ್ನೂ ತಿನ್ನುತ್ತೆ. ಚೆನ್ನಾಗಿ ಊಟ ಮಾಡಿ, ಅರಗೋಕೆ ಊಟದ ಜೊತೆ ಈ ಕ್ಯಾಪ್ಸೂಲ್ ನುಂಗಿ, ಐವತ್ತು ಮಾಡ್ಕೊಂಡು ಬನ್ನಿ" ಎಂದಳು.

ಬಸ್ಸು ತುರುವೇಕೆರೆಗೆ ಬಂತು. ಇಳಿಯುವಾಗ ಭಾವ ಮೆಲ್ಲಗೆ ಕೇಳಿದರು, "ಹಂಗಾದ್ರೆ ಇಷ್ಟು ದಿನ ಒಣಗ್ತಿದ್ದಿದ್ದು ನಾನಾ?"



ಮಾರನೆಯ ದಿನದಿಂದ ಎರಡು ಗಂಟೆಗೊಮ್ಮೆ ಏನಾದರೊಂದು ಬೇಯಿಸಿದೆ. ರಾಗಿ ಗಂಜಿ, ಮೊಟ್ಟೆ, ತುಪ್ಪ ಬಿಟ್ಟ ಮುದ್ದೆ. ಅರ್ಧ ತಿಂದರೆ ಅದೇ ನನಗೆ ಹಬ್ಬ. ತಿಂದದ್ದು ವಾಂತಿಯಾದ ದಿನ, ಒಂದು ಗಂಟೆಯಾದರೂ ಒಳಗಿತ್ತಲ್ಲ ಎಂದುಕೊಂಡು ಮತ್ತೆ ಒಲೆ ಹಚ್ಚುತ್ತಿದ್ದೆ. ಆಸ್ಪತ್ರೆಗೆ ಹೊರಡುವ ಹಿಂದಿನ ದಿನ ಭಾವ ನನ್ನನ್ನು ಕೂಗಿ ಯಂತ್ರದ ಮೇಲೆ ನಿಂತರು. ಸರಿಯಾಗಿ ಐವತ್ತು! ನಾನು ಗೋವಿಂದಾ ಎನ್ನುವಷ್ಟರಲ್ಲಿ ಅವರ ನಿಕ್ಕರಿನ ಜೇಬು ಉಬ್ಬಿದ್ದು ಕಂಡಿತು. ಎರಡು ಕೊಬ್ಬರಿ ಉಂಡೆ.

"ಇದೇನು ಭಾವ? ಜನ್ಮದಲ್ಲಿ ತೂಕದಲ್ಲಿ ಮೋಸ ಮಾಡಿದೋರಲ್ಲ ನೀವು."

ಅವರು ನನ್ನ ಮುಖ ನೋಡಲಿಲ್ಲ. "ಆಸ್ಪತ್ರೆಗಲ್ಲ ಕಣಮ್ಮ. ಅಷ್ಟು ದಿನ ಒಲೆ ಮುಂದೆ ಬೆಂದಿದೀಯ. ಕಾಲು ಕೆಜಿಗೆ ನಿನ್ನ ಮುಖ ಸಪ್ಪಗಾಯ್ತದಲ್ಲ ಅಂತ."

ಆ ಎರಡು ಉಂಡೆಯನ್ನೇ ತುರಿದು ಬೆಲ್ಲ ಬೆರೆಸಿ ತಟ್ಟೆಗೆ ಹಾಕಿದೆ. "ಜೇಬಲ್ಲಿದ್ದರೂ ಕಾಲು ಕೆಜಿ, ಹೊಟ್ಟೆಯಲ್ಲಿದ್ದರೂ ಕಾಲು ಕೆಜಿ. ತಿನ್ನಿ." ಕ್ಯಾಪ್ಸೂಲ್ ನುಂಗಿಕೊಂಡು, ಸಂಜೆಯವರೆಗೆ ಕೂತು, ತಟ್ಟೆ ಖಾಲಿ ಮಾಡಿದರು. ಮಾರನೆಯ ದಿನ ಡ್ರಿಪ್ಪು ಕೊಟ್ಟರು.

ವಾರ ಕಳೆದು ಆಳುಗಳು ಹೊಸ ಕಾಯಿಯನ್ನು ಅಟ್ಟಕ್ಕೆ ಹಾಕುತ್ತಿದ್ದಾಗ ಭಾವ ಗೋಡೆ ಹಿಡಿದುಕೊಂಡು ಎದ್ದು ಬಂದರು. ಒಂದು ಕಾಯಿ ಎತ್ತಿಕೊಳ್ಳಲು ಎರಡೂ ಕೈ ಬೇಕಾಯಿತು. ಕಿವಿಗಿಟ್ಟು ಅಲ್ಲಾಡಿಸಿದರು.

"ತುಂಬ ನೀರೈತೆ. ಇನ್ನ ಹನ್ನೊಂದು ತಿಂಗ್ಳು ಬೇಕು. ಇಳಿಸೋವಾಗ ನನ್ನ ಕರೀರಿ, ನಾನೇ ಸದ್ದು ಕೇಳ್ಬೇಕು."

ನಾನು ಸಂಪಿಗೆಯ ದಿಕ್ಕಿಗೆ ಕೈಮುಗಿದೆ. ಹೆಚ್ಚು ಕೇಳಲಿಲ್ಲ, ಹನ್ನೊಂದೇ ತಿಂಗಳು. ಅದು ಕೊಟ್ಟರೆ, ಬರುವ ವರ್ಷ ಹೊಸ ಕಾಯಿ ಅಟ್ಟಕ್ಕೆ ಹಾಕುವಾಗ ಮತ್ತೆ ಹನ್ನೊಂದು ಕೇಳಿದರಾಯಿತು.