‘ಪಾಪ’ ಎಂದರೆ ಆಲೂಗಡ್ಡೆಯಲ್ಲ, ಸ್ವಾಮಿ

ಸೌತ್ ಸಿ, ನೈರೋಬಿ

ನನ್ನ ಫೋನಿನಲ್ಲಿ ಬಿಡಾರ ಹೂಡಿರುವ, ಸಕಲ ಭಾಷಾ ಪಂಡಿತರಾದ ಅನುವಾದ ಯಂತ್ರದವರ ಸನ್ನಿಧಿಗೆ,

ಮಾನ್ಯರೇ,

ನಾಲಿಗೆಯೇ ಇಲ್ಲದೆ ನೂರು ಭಾಷೆ ಆಡುವ ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದೆ, ಫೋನಿನ ಪರದೆಗೇ ಕೈಮುಗಿದು, ಚಾರ್ಜರಿಗೆ ಸಿಕ್ಕಿಸಿ, ತಾವೀಗ ಹೊಟ್ಟೆ ತುಂಬಿ ಪ್ರಸನ್ನರಾಗಿರುವಿರೆಂದು ನಂಬಿ ಈ ಅರಿಕೆ ಬರೆಯುತ್ತಿದ್ದೇನೆ. ನಾನು ವತ್ಸಲಾ, ಮೈಸೂರಿನವಳು, ಇಪ್ಪತ್ಮೂರು ವರ್ಷದಿಂದ ನೈರೋಬಿಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತಿರುವವಳು. ತಪ್ಪು ಉತ್ತರವನ್ನು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆಯುವ ಮಕ್ಕಳನ್ನು ಬೇಕಾದಷ್ಟು ನೋಡಿದ್ದೇನೆ. ಆದರೂ ತಮ್ಮಷ್ಟು ಧೈರ್ಯಸ್ಥರನ್ನು ಕಂಡದ್ದು ಇದೇ ಮೊದಲು.

ತಮಗೆ ನೆನಪಿರಬಹುದು, ನಮ್ಮ ಒಬ್ಬಳೇ ಮಗಳು ಪ್ರಣತಿ ಕಾಲೇಜಿನ ಒಂದು ಸೆಮಿಸ್ಟರ್ ಓದಲೆಂದು ಪೆರು ದೇಶದ ಅರೆಕಿಪಾ ಎಂಬ ಊರಿಗೆ ಹೋಗಿ, ಮಾರ್ಲೇನಿ ಎಂಬ ಗೃಹಿಣಿಯ ಮನೆಯಲ್ಲಿ ನಾಲ್ಕು ತಿಂಗಳು ಇದ್ದಳು. ಆ ತಾಯಿಗೆ ಸ್ಪ್ಯಾನಿಷ್ ಬಿಟ್ಟು ಬೇರೇನೂ ಬಾರದು, ನನಗೆ ಸ್ಪ್ಯಾನಿಷ್ ಒಂದು ಬಿಟ್ಟು ಉಳಿದ ನಾಲ್ಕು ಭಾಷೆ ಬರುತ್ತದೆ. ಹೀಗಾಗಿ ಮಧ್ಯಸ್ಥಿಕೆಗೆಂದು ನಮ್ಮ ಯಜಮಾನರಾದ ಪುರುಷೋತ್ತಮ ಅವರು ತಮ್ಮನ್ನು ಸಕಲ ಮರ್ಯಾದೆಯೊಂದಿಗೆ ಬರಮಾಡಿಕೊಂಡು ನನ್ನ ಫೋನಿನಲ್ಲಿ ಕೂರಿಸಿದರು.

ಮೊದಲ ವಾರವೇ ನಾನು ಮಾರ್ಲೇನಿಯವರಿಗೆ, ‘ಪಾಪ, ನಮ್ಮ ಹುಡುಗಿ ಮನೆ ಬಿಟ್ಟು ಇದ್ದವಳಲ್ಲ, ಸ್ವಲ್ಪ ನೋಡಿಕೊಳ್ಳಿ’ ಎಂದು ಬರೆದು ತಮ್ಮ ಕೈಗಿತ್ತೆ. ತಾವು ಆ ‘ಪಾಪ’ವನ್ನು ಪಾಪ-ಪುಣ್ಯದ ಪಾಪವೆಂದು ತಿಳಿದು, ಮಹಾಪಾಪ ಎಂಬರ್ಥದ ಸ್ಪ್ಯಾನಿಷ್ ಪದ ಹಾಕಿ ಕಳಿಸಿಕೊಟ್ಟಿರಿ. ದೈವಭಕ್ತೆಯಾದ ಮಾರ್ಲೇನಿಯವರು ಗಾಬರಿಯಾಗಿ ಮರುದಿನವೇ ಹುಡುಗಿಯನ್ನು ಚರ್ಚಿಗೆ ಕರೆದೊಯ್ದು ಪಾದ್ರಿಗಳ ಮುಂದೆ ಕೂರಿಸಿದರು. ಇವಳು, ಅಷ್ಟು ದೂರ ಕರೆತಂದಿದ್ದಾರೆ, ಏನಾದರೂ ಒಪ್ಪಿಕೊಳ್ಳದಿದ್ದರೆ ಚೆನ್ನಾಗಿರುವುದಿಲ್ಲವೆಂದು, ಇಲ್ಲಿ ನೈರೋಬಿಯ ಹರ್ಲಿಂಗ್‌ಹ್ಯಾಮಿನ ಹೋಟೆಲೊಂದರಲ್ಲಿ ಎರಡು ವರ್ಷದಿಂದ ಕದ್ದು ಆಮ್ಲೆಟ್ ತಿನ್ನುತ್ತಿದ್ದುದನ್ನು ಹರಕು ಸ್ಪ್ಯಾನಿಷಿನಲ್ಲಿ ಒಪ್ಪಿಕೊಂಡು ಬಂದಳಂತೆ. ನನ್ನ ಸ್ವಂತ ಮಗಳ ಆಮ್ಲೆಟ್ಟಿನ ವಿಷಯ ನನಗಿಂತ ಮೊದಲು ಪೆರು ದೇಶದ ಪಾದ್ರಿಗಳಿಗೆ ತಿಳಿಯುವಂತೆ ಮಾಡಿದ ತಮ್ಮ ಚಾಕಚಕ್ಯತೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಇನ್ನು ಬಾಯಿಮಾತಿನ ವಿಷಯ. ಭಾನುವಾರ ನಾವು ವಿಡಿಯೋದಲ್ಲಿ ಮಾತಾಡುವಾಗ ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ಚಳಿಗೆ ಕೆಂಪಾದ ಮಗಳ ಮೂಗು ಕಂಡು ನಾನು ‘ಪಾಪ’ ಎಂದೆ. ಹಿಂದೆ ನಿಂತಿದ್ದ ಮಾರ್ಲೇನಿಯವರು ಕಿವಿ ನಿಮಿರಿಸಿ ಒಳಗೆ ಓಡಿಹೋಗಿ ಬೇಯಿಸಿದ ಆಲೂಗಡ್ಡೆಯ ತಟ್ಟೆ ತಂದಿಟ್ಟರು. ಆ ಊರಿನಲ್ಲಿ ಪಾಪ ಎಂದರೆ ಆಲೂಗಡ್ಡೆ! ನಮ್ಮ ಮಾತು ಕೇಳಿಸಿಕೊಳ್ಳುತ್ತ ಪಕ್ಕದಲ್ಲೇ ಕೂತಿದ್ದ ತಾವು, ಆಡಿದ್ದು ಸ್ಪ್ಯಾನಿಷ್ ಎಂದು ಯಾರನ್ನೂ ಕೇಳದೆ ತೀರ್ಮಾನಿಸಿ, ಪರದೆಯ ಮೇಲೆ ‘ಆಲೂಗಡ್ಡೆ’ ಎಂದು ಕನ್ನಡದಲ್ಲಿ ಮೂಡಿಸಿದಿರಿ. ನಾನು ಪೆದ್ದಿ, ಅದು ಮಾರ್ಲೇನಿಯವರ ಮಾತಿರಬೇಕೆಂದುಕೊಂಡೆ. ಮುಂದಿನ ವಾರ ಮಗಳ ತಟ್ಟೆಯ ರಾಶಿ ಕಂಡು ‘ಪಾಪ, ಪಾಪ, ಹೇಗೆ ತಿನ್ನುತ್ತಾಳೋ’ ಎಂದರೆ ಇನ್ನೆರಡು ತಟ್ಟೆ ಬಂದವು. ನಾನು ಮರುಗಿದಷ್ಟೂ ಅವರು ಬಡಿಸಿದರು, ಅವರು ಬಡಿಸಿದಷ್ಟೂ ನಾನು ಮರುಗಿದೆ.

ಆದರೆ ಮಾನ್ಯರೇ, ನನ್ನ ನಿಜವಾದ ಸಂಕಟ ಆಲೂಗಡ್ಡೆಯದಲ್ಲ. ನೈರೋಬಿಯಲ್ಲೇ ಹುಟ್ಟಿ ಬೆಳೆದ ಪ್ರಣತಿಯನ್ನು ನಾನು ಕನ್ನಡದಲ್ಲಿ ಕೇಳಿದರೆ ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಇಪ್ಪತ್ತು ವರ್ಷದಲ್ಲಿ ‘ಅಮ್ಮ’, ‘ಅಪ್ಪ’ ಬಿಟ್ಟರೆ ಒಂದು ಕನ್ನಡದ ಮಾತು ತಾನಾಗಿ ಅವಳ ಬಾಯಿಂದ ಬಂದದ್ದಿಲ್ಲ. ಅಂಥವಳು ಮೂರೇ ತಿಂಗಳಲ್ಲಿ ಮಾರ್ಲೇನಿಯವರೊಡನೆ ಸ್ಪ್ಯಾನಿಷಿನಲ್ಲಿ ನಗುವುದನ್ನೂ ಜಗಳವಾಡುವುದನ್ನೂ ನೋಡಿ ನನಗೆ ಹೊಟ್ಟೆ ಉರಿಯಿತು. ಮುಚ್ಚಿಡುವುದೇಕೆ, ಅಳುವೂ ಬಂತು. ನನ್ನ ಭಾಷೆ ನನ್ನ ಜೊತೆಗೇ ಈ ಮನೆಯಲ್ಲಿ ಮುಗಿಯುತ್ತದೆಂದು ಅವತ್ತು ಅನ್ನಿಸಿಬಿಟ್ಟಿತು.

ಚರ್ಚೂ ಆಲೂಗಡ್ಡೆಯೂ ಎರಡೂ ಸಾಕಾಗಿ, ಕೊನೆಗೊಂದು ದಿನ ಪ್ರಣತಿಯೇ ಆ ತಾಯಿಯನ್ನು ಕೂರಿಸಿಕೊಂಡು ಪಾಪದ ಅರ್ಥ ಬಿಡಿಸಿ ಹೇಳಿದಳಂತೆ: ಯಾರಾದರೂ ಕಷ್ಟದಲ್ಲಿರುವಾಗ, ಮಾಡಲು ಏನೂ ತೋಚದೆ, ಸುಮ್ಮನಿರಲೂ ಆಗದೆ ನಮ್ಮಮ್ಮ ಹೇಳುವ ಮಾತು ಅದು ಎಂದು. ನಾನು ಯಾವತ್ತೂ ಹೇಳಿಕೊಡದಿದ್ದುದನ್ನು ಅವಳು ಇಷ್ಟು ಸರಿಯಾಗಿ ತಿಳಿದಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ. ಮಾರ್ಲೇನಿಯವರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಕುಂಟುವ ಬೀದಿನಾಯಿಯಿಂದ ಹಿಡಿದು ಕೆಲಸ ಹೋದ ಪಕ್ಕದ ಮನೆಯವರವರೆಗೆ ಈಗ ಎಲ್ಲರಿಗೂ ಕನ್ನಡದಲ್ಲೇ ಪಾಪ ಎನ್ನುತ್ತಾರಂತೆ.

ಆದ್ದರಿಂದ ತಮ್ಮಲ್ಲಿ ನನ್ನ ಸಣ್ಣಪುಟ್ಟ ಕೋರಿಕೆಗಳು: ತಾವು ದಯಮಾಡಿ ಮೈಸೂರಿನ ಯಾವುದಾದರೂ ಶಾಲೆಯ ಮೂರನೇ ತರಗತಿಯಲ್ಲಿ, ಕಿಟಕಿ ಪಕ್ಕದ ಬೆಂಚು ಬೇಡ, ಮೇಷ್ಟರ ಕಣ್ಣೆದುರಿನ ಬೆಂಚಿನಲ್ಲಿ ಒಂದು ವರ್ಷ ಕೂತು ಬರಬೇಕು; ಪೆರು ದೇಶದ ಪಾದ್ರಿಗಳ ನೆನಪಿನಿಂದ ಆಮ್ಲೆಟ್ಟನ್ನು ಅಳಿಸಿಹಾಕಬೇಕು; ಮಗಳ ಜೀನ್ಸ್‌ನ ಗುಂಡಿ, ಇಷ್ಟು ಆಲೂಗಡ್ಡೆಯ ಮೇಲೂ, ಮತ್ತೆ ಹಾಕಲು ಬರುವಂತೆ ಮಾಡಿಕೊಡಬೇಕು. ಇಷ್ಟು ಕಷ್ಟವಾದರೆ ನಮ್ಮ ಗೇಟಿನ ಕಾವಲುಗಾರ ಮುತುವಾ ಅವರ ಬಳಿ ನಾಲ್ಕು ದಿನ ಶಿಷ್ಯವೃತ್ತಿ ಮಾಡಿದರೂ ಸಾಕು. ಹದಿನೈದು ದಿನದ ಹಿಂದೆ ನಾನು ಮಟಾಟು ಎಂಬ ಇಲ್ಲಿನ ಬಾಡಿಗೆ ವ್ಯಾನಿನಿಂದ ಇಳಿಯುವಾಗ ಕಾಲು ಉಳುಕಿಸಿಕೊಂಡು ಕುಂಟುತ್ತ ಬಂದಾಗ, ಅವರು ನನ್ನ ಕೈಚೀಲ ಈಸಿಕೊಂಡು ‘ಪೋಲೆ ಸಾನಾ, ಮಾಮಾ’ ಎಂದರು (ಇಲ್ಲಿ ಮಾಮಾ ಎಂದರೆ ತಾಯಿ). ಕನ್ನಡದ ಗಂಧವೇ ಇಲ್ಲದ ಆ ಮನುಷ್ಯ ಸ್ವಾಹಿಲಿಯಲ್ಲಿ ಹೇಳಿದ್ದು ‘ಪಾಪ’ ಎಂಬ ಮಾತನ್ನೇ.

ಕಳೆದ ಶನಿವಾರ ಪ್ರಣತಿ ವಾಪಸು ಬಂದಳು. ಬೇಡವೆಂದರೂ ಕೇಳದೆ ನಾನು ಪಟ್ಟಿ ಕಟ್ಟಿದ ಕಾಲಿನಲ್ಲೇ ವಿಮಾನ ನಿಲ್ದಾಣಕ್ಕೆ ಹೋಗಿ ಕಂಬಕ್ಕೆ ಒರಗಿ ನಿಂತಿದ್ದೆ. ಟ್ರಾಲಿ ತಳ್ಳಿಕೊಂಡು ಬರುತ್ತಿದ್ದವಳು ನನ್ನ ಕಾಲು ನೋಡಿದವಳೇ, ಟ್ರಾಲಿಯನ್ನು ಜನರ ಮಧ್ಯೆ ಬಿಟ್ಟು ಓಡಿಬಂದು, ಕುಕ್ಕರಗಾಲಿನಲ್ಲಿ ಕೂತು ಪಟ್ಟಿಯ ಮೇಲೆ ಕೈಯಿಟ್ಟು, ‘ಪಾಪ, ಅಮ್ಮಾ’ ಎಂದಳು. ಆಮೇಲೆ ಮನೆವರೆಗೂ ಬೈದದ್ದೆಲ್ಲ ಇಂಗ್ಲಿಷಿನಲ್ಲೇ. ಬೈಯಲಿ, ನನಗೆ ಬೇಕಾದದ್ದು ಸಿಕ್ಕಿತ್ತು.

ಇಷ್ಟೆಲ್ಲ ಆದರೂ ತಮ್ಮನ್ನು ಫೋನಿನಿಂದ ಹೊರಹಾಕಲು ಮನಸ್ಸು ಬಾರದ,

ತಮ್ಮ ವಿಶ್ವಾಸಿ,
ವತ್ಸಲಾ ಪುರುಷೋತ್ತಮ

ತಾ.ಕ.: ಮಗಳು ತಲುಪಿದಳೇ ಎಂದು ಕೇಳಿದ್ದ ಮಾರ್ಲೇನಿಯವರ ಸಂದೇಶವನ್ನು ತಮ್ಮಿಂದ ಓದಿಸಿಕೊಳ್ಳುತ್ತಿದ್ದೆನಾದ್ದರಿಂದ, ವಿಮಾನ ನಿಲ್ದಾಣದಲ್ಲಿ ಆ ಹೊತ್ತಿಗೆ ತಾವು ನನ್ನ ಕೈಯಲ್ಲಿ ಎಚ್ಚರವಾಗಿಯೇ ಇದ್ದಿರಿ. ಅವಳ ‘ಪಾಪ, ಅಮ್ಮಾ’ ಕಿವಿಗೆ ಬಿದ್ದದ್ದೇ ಅದನ್ನೂ ಸ್ಪ್ಯಾನಿಷ್ ಎಂದುಕೊಂಡು, ಹತ್ತು ಜನ ತಿರುಗಿ ನೋಡುವಂತೆ ‘ಆಲೂಗಡ್ಡೆ ಪ್ರೀತಿಸುತ್ತದೆ’ ಎಂದು ಸಾರಿದಿರಿ. ಆ ಭಾಷೆಯಲ್ಲಿ ‘ಅಮಾ’ ಎಂದರೆ ‘ಪ್ರೀತಿಸುತ್ತದೆ’ ಎಂದು ಪ್ರಣತಿ ಕಾರಿನಲ್ಲಿ ವಿವರಿಸಿದಳು. ಇಪ್ಪತ್ಮೂರು ವರ್ಷದ ಟೀಚರ್ ಆಗಿ ತಮಗೆ ಅರ್ಧ ಅಂಕ ಕೊಟ್ಟಿದ್ದೇನೆ. ಆಲೂಗಡ್ಡೆಯನ್ನು ತಿದ್ದಿಕೊಳ್ಳಿ, ಉಳಿದದ್ದು ಹಾಗೇ ಇರಲಿ.