ಹೆರಿಗೆ ಕೋಣೆಯ ಗಡಿಯಾರ

ಮಗು ಹುಟ್ಟಿದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಗಂಡೋ ಹೆಣ್ಣೋ ಎಂದು ನೀವು ತಿಳಿದಿರಬಹುದು. ನಮ್ಮ ಕಡೆ ಹಾಗಲ್ಲ. "ಗಂಟೆ ಎಷ್ಟಾಗಿತ್ತು ಸಿಸ್ಟರಮ್ಮ?" ಎನ್ನುವುದೇ ಮೊದಲು. ಹುಣಸೂರು ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ, ಊರಿನ ಹೆಸರು ಬೇಡ, ನಾನು ಇಪ್ಪತ್ತು ವರ್ಷ ನರ್ಸ್ ಆಗಿದ್ದೆ. ನನ್ನ ತಲೆಯ ಮೇಲೆ ಒಂದು ಗೋಡೆ ಗಡಿಯಾರವಿತ್ತು. ಸುತ್ತಲಿನ ಮಕ್ಕಳ ರಾಶಿ, ನಕ್ಷತ್ರ, ಲಗ್ನ ಎಲ್ಲ ಅದರ ಮುಳ್ಳಿನಿಂದಲೇ ಇಳಿದು ಬರುತ್ತಿದ್ದವು. ಹಾಗಿದ್ದ ಮೇಲೆ ಇಂಥವು ನಡೆಯದೆ ಇರುತ್ತವೆಯೇ?

೧. ಅರ್ಧ ಗಂಟೆ ತಡೀರಿ

ನಾನು ಕೆಲಸಕ್ಕೆ ಸೇರಿದ ಹೊಸತು. ಒಳಗೆ ಹೆಣ್ಣುಮಗಳೊಬ್ಬಳು ನೋವು ತಿನ್ನುತ್ತಿದ್ದಾಳೆ. ಬಾಗಿಲಲ್ಲಿ ಅವಳ ಅತ್ತೆ, ಕೈಯಲ್ಲಿ ಒಂದು ಚೀಟಿ.

"ಸಿಸ್ಟರಮ್ಮ, ಇನ್ನರ್ಧ ಗಂಟೆ ತಡೀರಿ. ಈಗ ಆಶ್ಲೇಷಾ ನಡೀತಾ ಅದೆ. ಹೆಣ್ಣಾಗ್ಬುಟ್ರೆ ಅತ್ತೆಗೆ ಆಗಲ್ಲ ಕಣ್ರವ್ವ."

ಆಶ್ಲೇಷಾ ನಕ್ಷತ್ರದಲ್ಲಿ ಹುಟ್ಟಿದ ಹುಡುಗಿ ಮುಂದೆ ಮದುವೆಯಾಗಿ ಹೋದ ಮನೆಯ ಅತ್ತೆಗೆ ಕೇಡು ಅನ್ನುವುದು ಜನರ ನಂಬಿಕೆ. ಆ ಅತ್ತೆ ಎಲ್ಲಿದ್ದಾಳೋ, ಯಾರೋ. ನಾನು ಸಿಟ್ಟಿನಿಂದ, "ತಡೆಯೋಕೆ ಇದೇನು ನಲ್ಲಿಯೇನಮ್ಮ?" ಎಂದೆ.

ಒಳಗಿನಿಂದ ಸೊಸೆಯ ದನಿ ಬಂತು. "ಅತ್ತೆಗೆ ತಾನೇ ಆಗ್ದೆ ಇರೋದು? ಆಗ್ಲಿ ಬುಡಿ ಸಿಸ್ಟರ್. ಈಗ್ಲೇ ಆಗ್ಲಿ."

೨. ಐದೂವರೆ ಬಸ್ಸು

ಯಾವ ನಕ್ಷತ್ರ ಎಷ್ಟು ಗಂಟೆಯವರೆಗೆ ಎಂಬ ಆ ಚೀಟಿಗಳನ್ನು ಜನರಿಗೆ ಬರೆದು ಕೊಡುತ್ತಿದ್ದವರು ನಮ್ಮೂರಿನ ಜೋಯಿಸರು. ಆಗಲೇ ಅರವತ್ತು ದಾಟಿದ್ದರು. ಒಂದು ಸೈಕಲ್ಲು, ಒಂದು ಪಂಚಾಂಗ, ಕಿವಿಗೆ ಸಿಕ್ಕಿಸಿದ ಒಂದು ಪೆನ್ಸಿಲ್ಲು. ಇವರಿಗೂ ನನಗೂ ಆಗಿಬರುವುದಿಲ್ಲ ಎಂದು ಮೊದಲ ದಿನವೇ ತೀರ್ಮಾನಿಸಿದ್ದೆ. ನಾನು ವಿಜ್ಞಾನ ಓದಿದವಳಲ್ಲವೇ?

ಒಂದು ದಿನ ಬಂದು ಸೈಕಲ್ ನಿಲ್ಲಿಸಿ, "ಸಿಸ್ಟರಮ್ಮ, ನಿಮ್ಮ ಗಡಿಯಾರ ಹದಿನಾಲ್ಕು ನಿಮಿಷ ಮುಂದಿದೆ" ಎಂದರು.

"ಒಳಗೇ ಬಂದಿಲ್ಲ, ನಿಮಗೆ ಹೇಗೆ ಗೊತ್ತು?"

"ಮೊನ್ನೆ ಒಂದು ಮಗು ಆಯ್ತಲ್ಲ, ಅದು ಅಳೋದಕ್ಕೂ ಸೂರ್ಯ ಹುಟ್ಟೋದಕ್ಕೂ ಸರಿಹೋಯ್ತು ಅಂತ ಅವರಪ್ಪ ಹೇಳಿದ. ಅವತ್ತು ಸೂರ್ಯೋದಯ ಆರು ಇಪ್ಪತ್ತಕ್ಕೆ. ನೀವು ಬರೆದಿದ್ದು ಆರು ಮೂವತ್ತನಾಲ್ಕು. ಸೂರ್ಯ ತಪ್ಪು ಮಾಡಿರಲಾರ."

ರೇಡಿಯೋ ವಾರ್ತೆಗೆ ಹೋಲಿಸಿ ನೋಡಿದೆ. ಹದಿನಾಲ್ಕೇ ನಿಮಿಷ. ನನ್ನ ಗರ್ವ ಅಲ್ಲಿಗೆ ಅರ್ಧ ಇಳಿಯಿತು. ನಮ್ಮ ಆಯಾಳನ್ನು ಕರೆದು ಕೇಳಿದರೆ, ಅವಳು ನೆಲ ಒರೆಸುತ್ತಲೇ ಒಪ್ಪಿಕೊಂಡಳು.

"ನಾನೇ ತಿರುಗ್ಸಿದ್ದು ಕಣಕ್ಕ. ಐದೂವರೆಗೆ ಡ್ಯೂಟಿ ಬುಡೋದು, ಐದೂವರೆಗೇ ಬಸ್ಸು. ನಾನೇನು ಹಾರ್ಕೊಂಡು ಹೋಗ್ಲಾ?"

ನಾನು ಗಡಿಯಾರ ಸರಿಮಾಡಲು ಸ್ಟೂಲು ಹತ್ತಿದೆ. ಜೋಯಿಸರು ತಡೆದರು. "ಬೇಡಿ. ಯಾವತ್ತಿನಿಂದ ಸರಿ, ಯಾವತ್ತಿನವರೆಗೆ ತಪ್ಪು ಅಂತ ಜನಕ್ಕೆ ಗಲಿಬಿಲಿ ಆಗುತ್ತೆ. ನಾನೇ ಹದಿನಾಲ್ಕು ನಿಮಿಷ ಕಳೆದು ಜಾತಕ ಬರೀತೀನಿ."

ಅಂತೂ ಒಂದು ವರ್ಷ ನಮ್ಮ ಕಡೆಯ ಮಕ್ಕಳ ಹಣೆಬರಹ ತಿದ್ದಿದ್ದು ಶನಿಯೂ ಅಲ್ಲ, ಗುರುವೂ ಅಲ್ಲ. ಹುಣಸೂರಿನ ಐದೂವರೆ ಬಸ್ಸು.

೩. ತಲೆ ಮೇಲಿನ ಚೇಳು

ಆ ದಿನದಿಂದ ನನಗೆ ಜೋಯಿಸರ ಮೇಲೆ ಅಭಿಮಾನ ಹುಟ್ಟಿತು. ದಸರೆಗೆ ಮುಂಚೆ, ಮಳೆ ಬಿಟ್ಟ ಒಂದು ಸಂಜೆ ಕರೆಂಟು ಹೋಗಿತ್ತು. ಆಸ್ಪತ್ರೆ ಅಂಗಳದಲ್ಲಿ ನಿಂತು ಅವರು ನೈಋತ್ಯ ದಿಕ್ಕಿಗೆ ಕೈ ತೋರಿಸಿದರು. ಕೆಂಪಗೆ ಮಿನುಗುವುದು ಜ್ಯೇಷ್ಠಾ. ಅದರ ಎಡಕ್ಕೆ ಬಾಗಿಕೊಂಡು ಹೋಗಿ ಕೊಂಡಿಯಾಗುವುದು ಮೂಲಾ. ನೋಡುತ್ತ ನೋಡುತ್ತ ಇಡೀ ಚೇಳೇ ಎದ್ದು ಬಂತು. ಮೂವತ್ತು ವರ್ಷ ಅದೇ ಆಕಾಶದ ಕೆಳಗೆ ಬದುಕಿ ನಾನು ಅದನ್ನು ಕಂಡಿರಲಿಲ್ಲವಲ್ಲ ಎಂದು ನಾಚಿಕೆಯಾಯಿತು.

ಆದರೂ ಸುಮ್ಮನಿರಲಾರದೆ ಕೇಳಿದೆ. "ಮೂಲಾ ಧನು ರಾಶಿ ಅಂತೀರಿ. ಇಲ್ಲಿ ನೋಡಿದ್ರೆ ವೃಶ್ಚಿಕದ ಬಾಲದಲ್ಲಿದೆ?"

"ಆಕಾಶದಲ್ಲಿ ಯಾರೂ ಗಡಿಕಲ್ಲು ನೆಟ್ಟಿಲ್ಲ ಸಿಸ್ಟರಮ್ಮ. ಲೆಕ್ಕಕ್ಕೆ ಅನುಕೂಲ ಆಗಲಿ ಅಂತ ಹಿಂದಿನವರು ಸೂರ್ಯನ ದಾರೀನ ಹನ್ನೆರಡು ಸಮಪಾಲು ಮಾಡಿದ್ರು. ಅಣ್ಣತಮ್ಮಂದಿರು ಜಮೀನು ಹಂಚಿಕೊಂಡಾಗ ಅಣ್ಣನ ಮಾವಿನಮರದ ಕೊಂಬೆ ತಮ್ಮನ ಹೊಲಕ್ಕೆ ಚಾಚಿರಲ್ವೇ? ಹಾಗೆ."

ಇಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟರೂ ಪಾಠ ಹೇಳಿರಲಿಲ್ಲ. ಪಕ್ಕದಲ್ಲಿ ನಿಂತಿದ್ದ ಆಯಾ ಮಾತ್ರ ಬಾಯಿ ಬಿಟ್ಟುಕೊಂಡು ಮೇಲೆ ನೋಡುತ್ತಿದ್ದಳು.

"ಇಷ್ಟು ದೊಡ್ ಚೇಳು ಮ್ಯಾಲಿತ್ತಾ? ನಾನು ಇಷ್ಟು ವರ್ಷ ಟಾರ್ಚ್ ಕೆಳೀಕ್ಕೇ ಬುಟ್ಕೊಂಡು ಓಡಾಡ್ದೆ ನೋಡು."

೪. ಮೂರು ಇಪ್ಪತ್ತೆಂಟು

ಮುಂದಿನ ಬೇಸಿಗೆಯಲ್ಲಿ ಗಡಿಯಾರ ನಿಂತೇಹೋಯಿತು. ಹೊಸ ಸೆಲ್ಲು ಹಾಕಿ, ರೇಡಿಯೋ ಕೇಳಿ ಸರಿಯಾದ ಹೊತ್ತಿಗೆ ತಿರುಗಿಸಿದೆ. ಇನ್ನು ಇದಕ್ಕೆ ಕೈ ಇಟ್ಟರೆ ನೋಡು ಎಂದು ಆಯಾಳನ್ನು ಗದರಿಸಿದೆ. ಆದರೆ ಜೋಯಿಸರಿಗೆ ಹೇಳುವುದನ್ನು ಮರೆತೆ.

ಅದಾಗಿ ಹದಿನೈದು ದಿನಕ್ಕೆ ಒಂದು ಹೆರಿಗೆ. ಮಗುವಿನ ಅಜ್ಜಿ ಬೆಳಗಿನಿಂದ ಗಡಿಯಾರದ ಕೆಳಗೇ ಕೂತಿದ್ದಳು. ಚೀಟಿಯಲ್ಲಿ, ಮಧ್ಯಾಹ್ನ ಮೂರು ಇಪ್ಪತ್ತರವರೆಗೆ ಜ್ಯೇಷ್ಠಾ, ಆಮೇಲೆ ಮೂಲಾ. ಮೂಲಾ ನಕ್ಷತ್ರದ ಹೆಣ್ಣೆಂದರೆ ಮಾವನಿಗೆ ಆಗದು ಎಂದು ಜನ ಹೆದರುತ್ತಾರೆ. ಮಾವ ಬದುಕಿರುವ ಮನೆಯವರು ಹೆಣ್ಣು ನೋಡಲೂ ಬರುವುದಿಲ್ಲ.

ಹೆಣ್ಣುಮಗು ಹುಟ್ಟಿತು. ಮೂರು ಇಪ್ಪತ್ತೆಂಟು. ಅಜ್ಜಿ ಮಗುವಿನ ಮುಖ ನೋಡಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ಗಡಿಯಾರವನ್ನೇ ನೋಡಿದಳು. ನಾನು ಇದ್ದದ್ದನ್ನೇ ಬರೆದು ಕೊಟ್ಟೆ. ಸಂಜೆ ಅವಳು ಜೋಯಿಸರ ಮನೆಯಿಂದ ಓಡಿಬಂದು ಮಗುವನ್ನು ಎತ್ತಿ ಮುದ್ದಾಡಿದಳು. "ಜೋಯಿಸ್ರು ಹದಿನಾಕು ನಿಮಿಷ ಕಳುದ್ರು ಕಣವ್ವ. ಮೂರು ಹದಿನಾಕು. ಜ್ಯೇಷ್ಠಾ ಅಂತೆ. ಗಂಡನಿಗೆ ಅಣ್ಣ ಇರ್ಬಾರ್ದು, ಅಷ್ಟೇಯ."

ನನಗೆ ಆಗ ಹೊಳೆಯಿತು. ಬಾಯಿ ತೆರೆದೆ, ಮಗುವನ್ನು ನೋಡಿದೆ, ಮುಚ್ಚಿದೆ. ನನಗಂತೂ ಇದರಲ್ಲೆಲ್ಲ ನಂಬಿಕೆಯಿಲ್ಲ, ನನಗೇನಾಗಬೇಕು ಎಂದುಕೊಂಡೆ.

೫. ನಂಬಿಕೆಯಿಲ್ಲದವಳು

ಹತ್ತೊಂಬತ್ತು ವರ್ಷ ಕಳೆಯಿತು. ಪಿರಿಯಾಪಟ್ಟಣದಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ನನ್ನ ಮಗನಿಗೆ ಹೆಣ್ಣು ನೋಡಲು ಹೋದೆವು. ಹುಡುಗಿ ಲಕ್ಷಣವಾಗಿದ್ದಳು, ಮಗ ಅಲ್ಲೇ ಒಪ್ಪಿಬಿಟ್ಟ. ಒಳಗಿನಿಂದ ಒಬ್ಬ ಮುದುಕಿ ಬಂದು ನನ್ನ ಕೈ ಹಿಡಿದುಕೊಂಡಳು. "ನಿಮ್ ಕೈಯಾಗೇ ಹುಟ್ಟಿದ್ ಕೂಸು ಕಣವ್ವ ಇದು."

ಜಾತಕ ಬಿಚ್ಚಿದೆ. ಮೂರು ಹದಿನಾಲ್ಕು.

ನಮ್ಮವನು ಒಬ್ಬನೇ ಮಗ, ಅಣ್ಣ ಇಲ್ಲ, ಜ್ಯೇಷ್ಠಾಕ್ಕೆ ಹೇಳಿ ಮಾಡಿಸಿದ ಗಂಡು ಎಂದು ಎಲ್ಲರಿಗೂ ಸಂತೋಷ. ಅದು ಮೂಲಾ ಎಂದು ಗೊತ್ತಿದ್ದವಳು ನಾನೊಬ್ಬಳೇ. ಮತ್ತು ಆ ಮಾವ ಎಂದರೆ ನನ್ನ ಯಜಮಾನರು. ಕೋಡುಬಳೆ ಮುರಿಯುತ್ತ ಹಾಯಾಗಿ ಕೂತಿದ್ದರು.

ಇಪ್ಪತ್ತು ವರ್ಷ ಊರಿಗೆಲ್ಲ ಬುದ್ಧಿ ಹೇಳಿದ ನಾನು ಅವತ್ತಿನಿಂದ ಅವರ ಬಿ.ಪಿ.ಯನ್ನು ದಿನಕ್ಕೆ ಮೂರು ಸಲ ನೋಡತೊಡಗಿದೆ. ಕೆಮ್ಮಿದರೆ ಓಡುತ್ತಿದ್ದೆ. "ಏನೇ ಇದು, ಈ ವಯಸ್ಸಲ್ಲಿ ಇಷ್ಟೊಂದು ಪ್ರೀತಿ?" ಎಂದು ಅವರಿಗೇ ಗಾಬರಿ.

ತಡೆಯಲಾರದೆ, ಮಿರ್ಲೆಯಲ್ಲಿ ಮಗಳ ಮನೆ ಸೇರಿದ್ದ ಜೋಯಿಸರ ಬಳಿ ಹೋಗಿ ಎಲ್ಲ ಒಪ್ಪಿಸಿದೆ. ಎಂಬತ್ತರ ಮುದುಕರು ನಕ್ಕರು.

"ಗಡಿಯಾರ ಸರಿಯಾದ ವಾರವೇ ನನಗೆ ಗೊತ್ತಾಗಿತ್ತು. ಆಮೇಲೆ ಯಾರಿಗೂ ಕಳೆದಿಲ್ಲ. ಆ ಮಗುವಿಗೊಂದಕ್ಕೇ ಕಳೆದೆ. ಹುಟ್ಟಿದ ದಿನವೇ ಅದರ ಮದುವೆ ಮುರಿಯೋದಕ್ಕೆ ನನ್ನ ಕೈ ಬರಲಿಲ್ಲ."

ನನ್ನ ಕಣ್ಣು ತುಂಬಿಬಂತು. ಆದರೂ ಕೇಳಿದೆ. "ಮತ್ತೆ ನಮ್ಮ ಯಜಮಾನರ ಗತಿ?"

"ಇಷ್ಟು ವರ್ಷ ನಿಮ್ಮ ಜೊತೆ ಸಂಸಾರ ಮಾಡಿ ಗಟ್ಟಿಯಾಗಿದ್ದಾರೆ. ಒಂದು ನಕ್ಷತ್ರ ಅವರಿಗೆ ಏನು ಮಾಡೀತು? ಅಷ್ಟು ಹೆದರಿಕೆಯಿದ್ರೆ ಒಳ್ಳೇ ಮುಹೂರ್ತ ಇಡ್ತೀನಿ. ನಾನೇ ಬರ್ತೀನಿ."

೬. ಮುಹೂರ್ತ

ಕೆ.ಆರ್. ನಗರದ ಒಂದು ಛತ್ರದಲ್ಲಿ ಮದುವೆ. ಮುಹೂರ್ತ ಹತ್ತು ಗಂಟೆಯಿಂದ ಹತ್ತೂಕಾಲು. ಗೋಡೆ ಗಡಿಯಾರದಲ್ಲಿ ಹತ್ತಾಯಿತು, ಹತ್ತು ಹತ್ತಾಯಿತು. ಜೋಯಿಸರು ಮಂತ್ರ ಹೇಳುತ್ತಲೇ ಇದ್ದಾರೆ. ಮಾಂಗಲ್ಯದ ತಟ್ಟೆ ಮುಟ್ಟುತ್ತಿಲ್ಲ. ಜನ ಗೊಣಗತೊಡಗಿದರು, ಮುದುಕರಿಗೆ ಅರಳುಮರಳು ಎಂದು. ನಾನು ಕಣ್ಸನ್ನೆ ಮಾಡಿದೆ, ಕೈಸನ್ನೆ ಮಾಡಿದೆ. ಅವರು ಬಾಗಿಲಾಚೆ ಚಪ್ಪರದ ಕಂಬದ ನೆರಳು ನೋಡಿ ಇನ್ನೊಂದು ಮಂತ್ರ ಎತ್ತಿಕೊಂಡರು. ಗಡಿಯಾರದಲ್ಲಿ ಹತ್ತು ಹದಿನೆಂಟಾದ ಮೇಲೆ, "ಗಟ್ಟಿಮೇಳ" ಎಂದರು.

ನಾನು ಕಂಬ ಹಿಡಿದುಕೊಂಡು ನಿಂತೆ. ಮೂಲಾ ಸೊಸೆ, ತಪ್ಪಿದ ಮುಹೂರ್ತ, ಎದುರಿಗೆ ನಗುನಗುತ್ತ ಅಕ್ಷತೆ ಹಾಕುತ್ತಿರುವ ಯಜಮಾನರು.

ಜೋಯಿಸರು ನನ್ನನ್ನು ಹತ್ತಿರ ಕರೆದರು. "ಈಗ ಸರಿಯಾಗಿ ಹತ್ತು ಗಂಟೆ ನಾಲ್ಕು ನಿಮಿಷ ಸಿಸ್ಟರಮ್ಮ. ಆ ಗಡಿಯಾರ ಹದಿನಾಲ್ಕು ನಿಮಿಷ ಮುಂದಿದೆ. ಯಾಕೆ ಅಂತ ಅಲ್ಲಿ ಊಟದ ಮನೆ ಹತ್ರ ನಿಂತಿದ್ದಾರಲ್ಲ, ಅವರನ್ನ ಕೇಳಿ."

ಊಟದ ಮನೆಯ ಬಾಗಿಲಿಗೆ ಆತುಕೊಂಡು ನಮ್ಮ ಹಳೇ ಆಯಾ ನಿಂತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಹೇಳಿದಳು. "ಮೊದಲ್ನೇ ಪಂಕ್ತೀಲಿ ಉಂಡ್ರೆ ಹನ್ನೊಂದ್ರ ಬಸ್ಸು ಸಿಕ್ತದೆ ಕಣಕ್ಕ."

ಮದುವೆಯಾದ ಮೇಲೆ ಯಜಮಾನರಿಗೆ ಎಲ್ಲ ಹೇಳಿದೆ. ಅವರಿಗೆ ಇವತ್ತಿನವರೆಗೂ ಒಂದು ನೆಗಡಿ ಬಂದಿಲ್ಲ. ಬಿ.ಪಿ. ಮಾತ್ರೆ ಶುರುವಾದದ್ದು ನನಗೆ. ಸೊಸೆಯೇ ದಿನಾ ನೆನಪಿಟ್ಟು ನೀರಿನ ಜೊತೆ ತಂದುಕೊಡುತ್ತಾಳೆ. ಅದನ್ನು ನುಂಗುವಾಗಲೆಲ್ಲ ಯಜಮಾನರು ಪೇಪರಿನಿಂದ ತಲೆ ಎತ್ತಿ ಕೇಳುತ್ತಾರೆ. "ಅದು ಮೂಲಾನೇ ಹೌದಾ? ಜೋಯಿಸರನ್ನ ಇನ್ನೊಂದು ಸಲ ಕೇಳು. ನಂಗ್ಯಾಕೋ ಆಶ್ಲೇಷಾ ಅನಿಸುತ್ತೆ."